ಗುಡ್ಡ ಇಳಿದ ಬೇವು

ಜಮಖಂಡಿಯ ಗುಡ್ಡದ ನೀರಿನ ಟಾಕಿಯ ಸ್ಲ್ಯಾಬಿನ ಮೇಲೆ ನಮ್ಮ ಉದ್ಯಾನವಿದೆ. ಎಪ್ಪತ್ತೆರಡು ಮೆಟ್ಟಿಲು. ನಾನು ದಿನಾ ಹತ್ತುವುದು ಡಾಕ್ಟರ ಅಂಜಿಕೆಗೆ. ಮೇಲೆ ಹೊತ್ತು ಕಳೆಯುವುದು ಮಾಲಿ ಅಮಸಿದ್ದಪ್ಪನ ಮಾತಿಗೆ.

ಮೂವತ್ತು ವರ್ಷ ಕುರಿ ಕಾಯ್ದವನು. ಹೆಂಡತಿ ಯಲ್ಲಕ್ಕನ ಮೊಣಕಾಲು ಸೋತ ಮೇಲೆ ಕುರಿ ಮಾರಿ ಈ ಕೆಲಸಕ್ಕೆ ಬಂದ. ಅವತ್ತು ಯಲ್ಲಕ್ಕ, ಕುರಿದೊಡ್ಡಿಯ ಬಾಗಿಲಲ್ಲಿ ತಾನಾಗಿ ಹುಟ್ಟಿದ್ದ ಬೇವಿನ ಸಸಿಯೊಂದನ್ನು ಮಣ್ಣುಸಮೇತ ತೆಗೆದು ಗಂಡನ ಕೈಗಿಟ್ಟಳು.

ಉದ್ಯಾನದ ನಕ್ಷೆ ಬರೆದ ಪ್ರೀತಿ ಮೈಸೂರಿನವಳು. ಮೇಲೆ ಒಂದೂವರೆ ಅಡಿ ಮಣ್ಣು, ಕೆಳಗೆ ಸ್ಲ್ಯಾಬು, ಅದರ ಕೆಳಗೆ ಊರು ಕುಡಿಯುವ ನೀರು. ಅದಕ್ಕೇ ಫೋನಿನಲ್ಲಿ ಒತ್ತಿ ಹೇಳಿದ್ದಳು, ಗಿಡ ಮಾತ್ರ ಹಾಕಿ, ಮರ ಬೇಡ ಎಂದು. ಅಮಸಿದ್ದಪ್ಪ ಖುಷಿಯಿಂದ ಒಪ್ಪಿದ. ನಮ್ಮಲ್ಲಿ ಬೇವು, ಹುಣಸೆ, ಆಲ ಎಲ್ಲವೂ ಗಿಡವೇ. ಮರ ಎಂದರೆ ಜೋಳ ಕೇರುವ ಮರ, ಮೈಸೂರಿನವರ ಮೊರ. ಉದ್ಯಾನದಲ್ಲಿ ಅದಕ್ಕೇನು ಕೆಲಸ?

ಟಾಕಿಯ ದುಂಡಿಗೆ ತಕ್ಕಂತೆ ಬಾಗಿದ ಮಡಿ ಮಾಡಿ, ಅಂಚಿಗೆ ನಿಂಬೆ ವಾಸನೆಯ ಚಹಾದ ಹುಲ್ಲು, ಒಳಗೆ ಕಣಗಿಲೆ ಹಚ್ಚಿದ. ನಟ್ಟನಡುವೆ ಬೇವು. ಯಲ್ಲಕ್ಕನಿಗೆ ಮೆಟ್ಟಿಲು ಹತ್ತಲಾಗದು. ಸಂಜೆ ಮನೆಗೆ ಹೋದರೆ ಎಷ್ಟಾಗಿದೆ ಎಂದು ಕೇಳುವಳು, ಇವನು ಕೈಯಿಂದ ತೋರಿಸುವನು: ಮೊದಲು ಮೊಣಕಾಲಿಗೆ, ಆಮೇಲೆ ನಡುವಿಗೆ, ಹೆಗಲಿಗೆ. ಮೂರನೆಯ ವರ್ಷ ಕೈ ಮೇಲೆತ್ತಬೇಕಾಯಿತು.

ಆ ವರ್ಷ ಮಳೆಗಾಲದಲ್ಲಿ ಪ್ರೀತಿ ಬಂದು ನೋಡಿ ಹೌಹಾರಿದಳು. ಬೇರು ಸ್ಲ್ಯಾಬು ಸೀಳಿದರೆ ಊರಿನ ನೀರಿನ ಗತಿ? ಕಡಿಸಲೇಬೇಕು ಎಂದಳು.

“ನೀವ ಹೇಳಿದ್ರಲ್ರಿ ಅಕ್ಕಾರ, ಗಿಡ ಹಚ್ಚಂತ,” ಎಂದ ಅಮಸಿದ್ದಪ್ಪ.

ಎರಡೂ ಕಡೆಯ ಕನ್ನಡ ಬಿಡಿಸಿ ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಅವನ ಮುಖ ನೋಡಿ ನಾಚಿಕೆಯಾಯಿತು.

“ಕಡಿಬ್ಯಾಡ್ರಿ,” ಎಂದ. “ಅಕಿ ಇನ್ನೂ ನೋಡಿಲ್ಲ.”

ಯಾರು ನೋಡಿಲ್ಲ ಎಂದು ಪ್ರೀತಿ ಕೇಳಿದಳು. ಯಲ್ಲಕ್ಕನ ಕತೆ ತಿಳಿದ ಮೇಲೆ ಟೇಪು ಹಿಡಿದು ತಾನೇ ಕೆಳಗಿಳಿದು, ಮೆಟ್ಟಿಲ ಬುಡದಲ್ಲಿ ಗಟ್ಟಿ ನೆಲ ಹುಡುಕಿ ಗುಂಡಿ ತೆಗೆಸಿದಳು. ಅಮಸಿದ್ದಪ್ಪ ಎರಡು ದಿನ ಸುತ್ತ ಅಗೆದು, ಬೇರಿನ ಹೆಂಟೆಗೆ ತನ್ನ ಕುರಿ ಕಾಯುವ ಕಂಬಳಿ ಸುತ್ತಿದ. ನಾಲ್ವರು ಹೊತ್ತು ಇಳಿಸಿದೆವು.

ಬೇವು ಎಲೆಯೆಲ್ಲ ಉದುರಿಸಿ ಬರೀ ಕೋಲಾಯಿತು. ಯಲ್ಲಕ್ಕ ದಿನಾ ಕೋಲೂರಿಕೊಂಡು ಬಂದು ಒಂದು ತಂಬಿಗೆ ನೀರು ಹಾಕಿ ಪಕ್ಕದಲ್ಲೇ ಕೂರುತ್ತಿದ್ದಳು. ತಿಂಗಳಾದ ಮೇಲೆ ತುದಿಯಲ್ಲಿ ಕೆಂಪು ಚಿಗುರು ಒಡೆಯಿತು.

ಅಂದು ಸಂಜೆ ಮೆಟ್ಟಿಲಿಳಿದು ಬಂದ ಅಮಸಿದ್ದಪ್ಪ, ರೂಢಿಯಂತೆ ಎತ್ತರ ತೋರಿಸಲು ಕೈ ಎತ್ತಿದ. ಯಲ್ಲಕ್ಕ ಆ ಕೈ ಹಿಡಿದು ಕೆಳಗಿಳಿಸಿದಳು.

“ಇರಲಿ ಬಿಡ್ರಿ. ನನಗ ಕಾಣಾಕತ್ತೈತಿ.”