ಹೋಗಿ ಬರ್ತೀನಿ ಎಂದ ಕೆನಡಾದವನು

ಮೆಲ್ಬರ್ನಿನ ಡ್ಯಾಂಡಿನಾಂಗಿನ ಗೋದಾಮಿನಲ್ಲಿ ನನ್ನ ಪಕ್ಕ ನಿಂತು ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದವನು ನಟ ಎಂದು ಗೊತ್ತಾದದ್ದು ಟೀ ಬ್ರೇಕಿನಲ್ಲಿ. ಕೆನಡಾದವನು. ಅಲ್ಲಿನ ಟಿವಿ ಹಾಸ್ಯ ಧಾರಾವಾಹಿಗಳಲ್ಲಿ ಪೊಲೀಸ್, ಡಾಕ್ಟರ್, ಪಿಜ್ಜಾ ತರುವವನು, ಎಲ್ಲ ಆಗಿದ್ದನಂತೆ. ಬಂದು, ಒಂದು ಮಾತಾಡಿ, ನಗಿಸಿ ಹೋಗುವ ಪಾತ್ರಗಳು. ಅವಕಾಶ ಹುಡುಕಿ ಸಿಡ್ನಿಗೆ ಬಂದ; ಅಲ್ಲಿ ಯಾರೂ ಕರೆಯದೆ ಮೆಲ್ಬರ್ನಿಗೆ ಬಂದ. ತನಗೆಂದು ತಾನೇ ನಾಟಕ ಬರೆಯುತ್ತಿದ್ದ, ಮುಗಿಸುತ್ತಿರಲಿಲ್ಲ.

"ಇಪ್ಪತ್ತು ವರ್ಷದಲ್ಲಿ, ಒಮ್ಮೆ ಹೊರಗೆ ಹೋದ ಮೇಲೆ ನನ್ನನ್ನು ಯಾರೂ ಮತ್ತೆ ಒಳಗೆ ಕರೆದಿಲ್ಲ. ಎರಡನೇ ಸಲ ಒಳಗೆ ಬರುವ ಪಾತ್ರ ಒಂದು ಸಿಕ್ಕರೆ ಸಾಕು" ಎಂದ. ನಗುತ್ತಲೇ ಅಂದರೂ ಬಿಸ್ಕತ್ತನ್ನು ಕಚ್ಚದೆ ಕೈಯಲ್ಲೇ ಹಿಡಿದಿದ್ದ.

ಆಗ ನಮ್ಮ ಕನ್ನಡದವರ ದೀಪಾವಳಿಗೆ ನಾನೊಂದು ನಾಟಕ ಬರೆದಿದ್ದೆ. ಇಬ್ಬರಿಗೆಂದು ಕೊಟ್ಟ ಬಾಡಿಗೆ ಮನೆಯಲ್ಲಿ ಊರಿನ ನೆಂಟರೆಲ್ಲ ಪರದೆಯ ಹಿಂದೆ ಅಡಗಿದ್ದಾರೆ. ಎಷ್ಟು ಜನ ಇದ್ದಾರೆಂದು ತಪಾಸಣೆಗೆ ಬಾಡಿಗೆ ಏಜೆಂಟ್ ಬರುತ್ತಾನೆ. ಏಜೆಂಟನ ಪಾತ್ರಕ್ಕೆ ಇವನನ್ನೇ ಕರೆದೆ. ಅದೂ ಒಂದೇ ಸಲ ಬಂದು ಹೋಗುವ ಪಾತ್ರ, ಹೇಳಲು ನನಗೇ ನಾಚಿಕೆಯಾಯಿತು. ಸಮಾಧಾನಕ್ಕೆಂದು ಕೊನೆಯ ಮಾತನ್ನು ಕನ್ನಡದಲ್ಲಿ ಕೊಟ್ಟೆ: "ಹೋಗಿ ಬರ್ತೀನಿ."

ಶಿಫ್ಟಿನ ಕಾಟದಿಂದ ಅವನು ಒಂದು ರಿಹರ್ಸಲ್‌ಗೂ ಬರಲಿಲ್ಲ. ನಾಟಕದ ದಿನ ಆ ಮಾತಿನ ಅರ್ಥ ಕೇಳಿದ. ನಾವು 'ಹೋಗ್ತೀನಿ' ಅನ್ನುವುದಿಲ್ಲ, ಅದು ಅಶುಭ, ಹೋಗಿ ವಾಪಸ್ ಬರುತ್ತೇನೆ ಅನ್ನಬೇಕು ಎಂದು ಉಡುಪಿಯ ನನ್ನಜ್ಜಿಯ ಗತ್ತಿನಲ್ಲಿ ವಿವರಿಸಿದೆ.

"ಅಂದರೆ ಈ ಏಜೆಂಟ್ ವಾಪಸ್ ಬರುತ್ತಾನೆ?"

"ಬಂದೇ ಬರುತ್ತಾನೆ" ಎಂದೆ, ಪರದೆಗೆ ಪಿನ್ನು ಚುಚ್ಚುತ್ತ.

ಏಜೆಂಟ್ ಬಂದ, ಮನೆ ನೋಡಿದ, "ಹೋಗಿ ಬರ್ತೀನಿ" ಎಂದು ಹೋದ. ಚಪ್ಪಾಳೆ. ನೆಂಟರು ಪರದೆಯಿಂದ ಹೊರಬಂದರು. ನಾಯಕಿ ನನ್ನ ಬಲು ಪ್ರೀತಿಯ ಅಳುವ ಡೈಲಾಗ್ ಶುರು ಮಾಡಿದಳು. ಬಾಗಿಲು ತಟ್ಟಿದ ಸದ್ದು. ಮತ್ತೆ ಇವನೇ! ನೆಂಟರು ಬಿದ್ದೆದ್ದು ಪರದೆಯ ಹಿಂದೆ ಓಡಿದರು. ಇವನು ಕೋಣೆಯನ್ನೆಲ್ಲ ಗಂಭೀರವಾಗಿ ನೋಡಿ "ಹೋಗಿ ಬರ್ತೀನಿ" ಎಂದು ಹೋದ. ಮತ್ತೆ ಬಂದ. ರಂಗದ ಪಕ್ಕದ ಮರೆಯಲ್ಲಿ ನಿಂತ ನಾನು ಸ್ಕ್ರಿಪ್ಟಿನಿಂದ ತಲೆ ಚಚ್ಚಿಕೊಂಡೆ. ನನ್ನ ನಾಟಕ ಹಾಳಾಯಿತು, ಇವನನ್ನು ಪೆಟ್ಟಿಗೆಗೆ ಹಾಕಿ ಲೇಬಲ್ ಅಂಟಿಸುತ್ತೇನೆ ಎಂದುಕೊಂಡೆ. ನಾಲ್ಕನೇ ಸಲ ಬಂದಾಗ ಮುಂದಿನ ಸಾಲಿನ ಆಂಟಿಯೊಬ್ಬರಿಗೆ ತಡೆಯಲಾಗಲಿಲ್ಲ.

"ಅಯ್ಯೋ ಪಾಪ, ಎಷ್ಟ್ ಸಲ ಓಡಾಡ್ತೀಯಪ್ಪಾ, ಊಟ ಮಾಡ್ಕೊಂಡ್ ಹೋಗು!"

ಇಡೀ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಸಿಟ್ಟಿನಲ್ಲಿದ್ದ ನನಗೂ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು.

"ಏಜೆಂಟ್ ಸೂಪರ್ ರೀ! ಆ ಅಳೋ ಡೈಲಾಗ್ ಒಂದು ಕಟ್ ಮಾಡ್ಬೇಕಿತ್ತು" ಎಂದರು ನಾಟಕ ಮುಗಿದ ಮೇಲೆ ಕಮಿಟಿಯ ಅಂಕಲ್.

ಅವನು ಬೆವರು ಒರೆಸಿಕೊಳ್ಳುತ್ತ ಬಂದ. "ಬಂದೇ ಬರುತ್ತಾನೆ ಅಂತ ನೀನೇ ಹೇಳಿದ್ದು" ಎಂದ. ಅವನ ಮುಖ ನೋಡಿ, ನೀನು ತಪ್ಪು ತಿಳಿದೆ ಎಂದು ಹೇಳುವ ಮನಸ್ಸೇ ಆಗಲಿಲ್ಲ.

ಎರಡು ವರ್ಷದ ಮೇಲೆ, ಮತ್ತೆ ಸಿಡ್ನಿಗೆ ಹೋಗಿದ್ದ ಅವನಿಂದ ಫೋನು: ನಾಟಕ ಬರೆದು ಮುಗಿಸಿದ್ದ, ತಾನೊಬ್ಬನೇ ಆಡುವವನು. ನೋಡಲು ಸಿಡ್ನಿಗೆ ಹೋದೆ. ಭಾನುವಾರ ಮಧ್ಯಾಹ್ನ, ಪಬ್ಬೊಂದರ ಮಹಡಿಯ ಕೋಣೆ, ಮೂವತ್ತು ಕುರ್ಚಿ. ಕನ್ನಡ ಬಲ್ಲವಳು ನಾನೊಬ್ಬಳೇ. ಕೊನೆಗೆ ಅವನು ಟೋಪಿ ಹಾಕಿಕೊಂಡು ನಮ್ಮತ್ತ ತಿರುಗಿ, ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ "ಹೋಗಿ ಬರ್ತೀನಿ" ಎಂದು ಬಾಗಿಲು ಹಾಕಿಕೊಂಡು ಹೋದ. ಜನ ಚಪ್ಪಾಳೆ ತಟ್ಟಿ, ಕೋಟು ಬ್ಯಾಗು ಎತ್ತಿಕೊಂಡು ಎದ್ದರು.

ನಾನು ಏಳಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಎದ್ದವರೆಲ್ಲ ನಿಂತಲ್ಲೇ ನಿಂತರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇದ್ದ ದನಿಯನ್ನೆಲ್ಲ ಸೇರಿಸಿ ಕೂಗಿದೆ:

"ಬಾರಪ್ಪಾ ಒಳಗೆ, ಊಟ ಮಾಡ್ಕೊಂಡ್ ಹೋಗು!"