ಕತ್ತರಿಸಿದ ನುಡಿಯ ಬೆನ್ನು ಹತ್ತಿ ಕಮಲಾಪುರಕ್ಕೆ

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾನೂ ನನ್ನ ಅಣ್ಣನ ಮಗಳು ಆಶಾಳೂ ಕಲಬುರಗಿಯಲ್ಲಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆವು. ಕಮಲಾಪುರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಅವಳಿಗೆ ಟಿಕೆಟ್ ಉಚಿತ, ನನಗೆ ಐವತ್ತರ ಆಸುಪಾಸು. ನನ್ನ ಚೀಲದಲ್ಲಿ ಎರಡು ಬಾಟಲಿ ನೀರು, ಹೊಟ್ಟೆಯ ಮಾತ್ರೆ, ತಲೆನೋವಿನ ಮಾತ್ರೆ, ಎರಡು ಚಾರ್ಜರ್ ಇದ್ದವು. ಧೈರ್ಯವೊಂದೇ ಇರಲಿಲ್ಲ.

ಅಂದು ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಬ್ಯಾಂಡಿನ ಮೊದಲ ಸಿಂಗಲ್ 'ನೀರಡಿಕೆ' ಬಿಡುಗಡೆಯಾಗುವುದಿತ್ತು, ಸಂಜೆ ಕಲಬುರಗಿಯಲ್ಲಿ ಅದರ ಕಾರ್ಯಕ್ರಮ. ಬರೆದು ಹಾಡಿದವಳು ಆಶಾ. ಐವತ್ತೊಂದರ ವಯಸ್ಸಿನಲ್ಲಿ ಬೇಸ್ ಗಿಟಾರ್ ನುಡಿಸುವವನು ನಾನು. ಜೇವರ್ಗಿ ಕಾಲೋನಿಯ ನಮ್ಮ ಮಾಳಿಗೆಯ ಖೋಲಿಯಲ್ಲಿ ಎರಡು ವರ್ಷ ತಿದ್ದಿದ ಈ ಆಲ್ಟರ್ನೇಟಿವ್ ರಾಕ್ ಹಾಡನ್ನು ಕೆಳಗಿನ ಮನೆಯವರು 'ಬೋರ್‌ವೆಲ್ ಕೊರೆಯೋದು' ಎನ್ನುತ್ತಾರೆ. ಹಾಡಿನ ಕೊನೆಗೆ ಗಿಟಾರುಗಳು ತಗ್ಗಿದಾಗ ಮೌಲಪ್ಪ ಮುತ್ಯಾನ ದನಿ ಬರುತ್ತದೆ. ಮುತ್ಯಾ ಕಮಲಾಪುರದಲ್ಲಿ ಮೊಹರಂನ ರಿವಾಯತ್ ಹಾಡುವ ಮೇಳದ ಹಿರಿಯ. ಕರ್ಬಲಾದ ನೀರಡಿಕೆಯ ಪದವೊಂದನ್ನು ನಮಗಾಗಿ ಹಾಡಿಕೊಟ್ಟಿದ್ದರು.

ಆ ಪದದ ಕೊನೆಯ ನುಡಿಯನ್ನು, ನಾಲ್ಕು ಸಾಲಿನ ಚರಣವನ್ನು, ಕತ್ತರಿಸಿದವನು ನಾನು. ಅದರಲ್ಲಿ ಊರಿನ ಹೆಸರು, ಪದ ಕಟ್ಟಿದ ಉಸ್ತಾದನ ಹೆಸರು ಬರುತ್ತಿದ್ದವು. ಸಭೆಯ ವಂದನಾರ್ಪಣೆಯಂತೆ ಕೇಳಿಸಿತು. ನಾಲ್ಕು ನಿಮಿಷ ದಾಟಿದರೆ ಯಾರೂ ಕೇಳುವುದಿಲ್ಲ ಎಂದು ಹೆದರಿ ನಾನೇ ತೆಗೆಸಿದೆ. ಹಿಂದಿನ ದಿನ ಮುತ್ಯಾ ಫೋನು ಮಾಡಿ, "ಕೊನೀ ನುಡಿ ಛಂದ ಬಂದದಲ್ರೀ?" ಎಂದು ಕೇಳಿದರು. "ಬಂದದ್ರಿ," ಅಂದುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಸುಳ್ಳಾಡಿದ್ದನ್ನು ಬೆಳಿಗ್ಗೆ ಆಶಾಗೆ ಹೇಳಿದೆ. ಮುತ್ಯಾನ ಎದುರಿಗೇ ಹೋಗಿ ಒಪ್ಪಿಕೊಳ್ಳಬೇಕೆಂದು ಅವಳೇ ಹೊರಡಿಸಿದಳು.

ಈಗ ಹಾಡನ್ನು ಬದಲಿಸಲು ಬರುತ್ತಿರಲಿಲ್ಲ. ಬೇಕಾದರೆ ಹನ್ನೊಂದರೊಳಗೆ ಹಾಡು ಬಿಡುವ ಕಂಪನಿಗೆ ಫೋನು ಮಾಡಿ ಬಿಡುಗಡೆಯನ್ನೇ ನಿಲ್ಲಿಸಬಹುದಿತ್ತು.

"ಕಾಕಾ, ಖರೇ ಹೇಳ್ಲಿಕ್ಕೆ ಏನಾಗಿತ್ತು ನಿಮಗ?"

"ಅಂಜಿಕಿ ಬಂತವ್ವ."

"ನಿಮಗ ಯಾವಾಗ ಬಂದಿಲ್ಲ ಹೇಳ್ರಿ?" ಎಂದವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ತೊಗರಿ ಕೊಯ್ದ ಹೊಲಗಳು ಬಿಸಿಲಿಗೆ ಬಿರಿದಿದ್ದವು. ಮಹಾಗಾಂವ ಕ್ರಾಸ್ ಬಳಿ ಟೈರ್ ಪಂಕ್ಚರ್ ಆಗಿ ನಲವತ್ತು ನಿಮಿಷ ನಿಂತೆವು. ಒಂದು ಪ್ಲೇಟ್ ಮಂಡಕ್ಕಿಯ ಸುಸಲಾ ತರಿಸಿದೆ. ಇಬ್ಬರೂ ತಿನ್ನಲಿಲ್ಲ.

ಕಮಲಾಪುರ ತಲುಪಿದಾಗ ಹತ್ತು ದಾಟಿತ್ತು. ಮುತ್ಯಾ ಮನೆಯಲ್ಲಿರಲಿಲ್ಲ. ಊರ ಹೊರಗಿನ ತೋಟದಲ್ಲಿ ಕೆಂಪು ಬಾಳೆಯ ಗೊನೆ ಕಡಿಯುತ್ತಿದ್ದರು. ನಮ್ಮನ್ನು ಕಂಡು ಹಿಗ್ಗಿ, ಇಬ್ಬರ ಕೈಗೂ ಒಂದೊಂದು ಹಣ್ಣು ಕೊಟ್ಟರು. ಆಶಾ ಫೋನನ್ನು ಬದುವಿನ ಮೇಲಿಟ್ಟು ಹಾಡು ಹಚ್ಚಿದಳು.

"ಯವ್ವಾ, ಇದೇನ ಹಿಟ್ಟಿನ ಗಿರಣಿ ಚಾಲೂ ಮಾಡೀರಿ?"

"ಅದು ಕಾಕಾನ ಗಿಟಾರ್ ಮುತ್ಯಾ."

"ಹಂಗಾರ ಗಿರಣಿಗಿ ಎಣ್ಣಿ ಹಾಕ್ರಿ."

ಆಮೇಲೆ ಅವರದೇ ದನಿ ಬಂತು. ಕಣ್ಣು ಮುಚ್ಚಿ ತಲೆದೂಗಿದರು. ಹಾಡು ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಮುಂದ?"

"ಅಷ್ಟೇರಿ," ಎಂದೆ.

"ಅಷ್ಟೇ ಹ್ಯಾಂಗ ಆಗ್ತದ? ಊರು ಎಲ್ಲಿ? ನಮ್ಮ ಉಸ್ತಾದ ಎಲ್ಲಿ? ಬಂದದ ಅಂದಿದ್ರಿ ನೀವು." ಕುಡುಗೋಲನ್ನು ಕೆಳಗಿಟ್ಟರು. "ಉಸ್ತಾದ ಲಾಲಸಾಬಗ ಓದು ಬರಹ ಇರಲಿಲ್ಲ. ಯಾವ ಕಾಗದದ ಮ್ಯಾಲೂ ಅವನ ಹೆಸರಿಲ್ಲ. ಆ ಒಂದು ನುಡಿಯೊಳಗ ಇತ್ತು. ಅದನ್ನೇ ಕೊಯ್ದೀರಿ. ಹೆಸರಿಲ್ಲದ ಪದಕ್ಕ ಇಲ್ಲಿ ಕಳವಿನ ಪದ ಅಂತಾರ. ಯಾರು ಕೊಯ್ದಾರ?"

ಆಶಾ ನೆಲ ನೋಡುತ್ತ ನಿಂತಳು. ಬೇಕಿದ್ದರೆ ನನ್ನತ್ತ ಬೆರಳು ತೋರಿಸಬಹುದಿತ್ತು.

"ನಾನ್ರಿ. ನಿಮಗ ಸುಳ್ಳು ಹೇಳ್ದಾಂವನೂ ನಾನೇ."

ನನ್ನ ಕೈಗಡಿಯಾರ ಹತ್ತೂ ನಲವತ್ತೈದು ತೋರಿಸುತ್ತಿತ್ತು. ಆಶಾ ಫೋನು ಎತ್ತಿಕೊಂಡಳು. "ಮುತ್ಯಾ, ಬ್ಯಾಡ ಅಂದ್ರ ಈಗೇ ನಿಲ್ಲಸ್ತೀನಿ."

"ನಿನ್ನ ಹಾಡು ಯಾಕ ನಿಲ್ಲಸಬೇಕು ಮಗಾ? ತಪ್ಪು ಮಾಡ್ದಾಂವ ಬ್ಯಾರೆ ಅದಾನ." ಮುತ್ಯಾ ನನ್ನತ್ತ ತಿರುಗಿದರು. "ನಮ್ಮ ಮ್ಯಾಳದಾಗ ನುಡಿ ಬಿಟ್ಟಾಂವ ಮಂದಿ ಮುಂದ ನಿಂತು ಅದನ್ನ ಹಾಡಬೇಕು. ಸಂಜಿಗಿ ನಿಮ್ಮ ಪ್ರೋಗ್ರಾಮ್ ಅದ, ಅಲ್ಲಿ ಹಾಡ್ರಿ. ನಾ ಫೋನಿನಾಗ ಕೇಳ್ತೀನಿ. ಸರಿ ಆಗಲಿಲ್ಲಂದ್ರ ನಾಳಿಗಿ ಹಾಡು ತಗಸಿಬಿಡ್ರಿ."

ನಾನು ಮಂಗಳಾರತಿಯಲ್ಲೂ ತುಟಿ ಮಾತ್ರ ಆಡಿಸುವವನು. ಮುತ್ಯಾ ಅಲ್ಲೇ ಬಾಳೆಯ ನೆರಳಲ್ಲಿ ಆ ನಾಲ್ಕು ಸಾಲು ಹೇಳಿಕೊಟ್ಟರು. ಮೂರನೆಯ ಸಾಲಿನಲ್ಲಿ ನಾನು ಮುಗ್ಗರಿಸುತ್ತಿದ್ದಾಗ ಹನ್ನೊಂದು ಹೊಡೆಯಿತು. ಆಶಾ ಫೋನನ್ನು ಚೀಲಕ್ಕೆ ಹಾಕಿದಳು.

ಮರಳುವ ಬಸ್ಸಿನಲ್ಲಿದ್ದಾಗ 'ನೀರಡಿಕೆ' ಹೊರಬಂತು. ಮೊದಲು ಬಂದವು ಗೆಳೆಯರ ಹೃದಯದ ಚಿಹ್ನೆಗಳು. ನಂತರ ಒಬ್ಬರು, "ಕಿವಿ ಕೊರೀತದ, ಆದ್ರೂ ಎರಡು ಸಲ ಕೇಳ್ದೆ" ಎಂದು ಬರೆದರು. ಕಲಬುರಗಿ ಇನ್ನೇನು ಬಂತು ಅನ್ನುವಾಗ ಆಶಾ ಒಂದು ಸಾಲನ್ನು ಜೋರಾಗಿ ಓದಿದಳು: "ಇದು ನಮ್ಮೂರ ಪದ. ಊರ ಹೆಸರು ಎಲ್ಲಿ ಹೋಯ್ತು? ಕದ್ದೀರೇನು?" ಫೋನನ್ನು ನನ್ನ ಕೈಗಿಟ್ಟಳು. "ನೀವೇ ಬರೀರಿ." ಉದ್ದದ ಸಮಜಾಯಿಷಿ ಬರೆದು ಅಳಿಸಿದೆ. ಕೊನೆಗೆ, "ತಪ್ಪು ನನ್ನದು. ಸಂಜೆ ಹಾಡುತ್ತೇನೆ" ಎಂದಷ್ಟೇ ಕಳಿಸಿದೆ.

ಸಂಜೆ, ಸೂಪರ್ ಮಾರ್ಕೆಟ್ ಹತ್ತಿರದ ಸಣ್ಣ ಸಭಾಂಗಣ. ಅರವತ್ತು ಜನ ಇದ್ದಿರಬೇಕು. ಎಣಿಸುವುದು ನನ್ನ ಚಟ, ಅಂದು ಎಣಿಸಲಿಲ್ಲ. ಹಾಡು ಮುಗಿಯಿತು, ಚಪ್ಪಾಳೆ ಬಂತು. ಬೇಸ್ ಕೆಳಗಿಟ್ಟು ಮುಂದೆ ಬಂದು ನಿಂತೆ. ಏನು ಕತ್ತರಿಸಿದೆ, ಯಾಕೆ ಎಂದು ಎರಡು ಮಾತಿನಲ್ಲಿ ಹೇಳಿದೆ. ಆಶಾ ಕಮಲಾಪುರಕ್ಕೆ ಫೋನು ಹಚ್ಚಿ ಮೈಕಿನ ಪಕ್ಕ ಹಿಡಿದಳು. ನಾಲ್ಕು ಸಾಲುಗಳನ್ನು ಹೇಗೋ ದಾಟಿದೆ.

ಫೋನು ಕೆಮ್ಮಿತು.

"ಉಸ್ತಾದ ಬಂದ. ಊರು ನುಂಗಿದ್ರಿ. ಮತ್ತೊಮ್ಮೆ."

ಜನ ನಕ್ಕರು. ಆಶಾ ನಗಲಿಲ್ಲ. ಮತ್ತೆ ಮೊದಲಿನಿಂದ ಎತ್ತಿಕೊಂಡೆ. ಕಮಲಾಪುರ ಎನ್ನುವಲ್ಲಿ ದನಿ ಒಡೆಯಿತು, ಆದರೂ ಹಿಂದಿನ ಗೋಡೆಗೆ ಬಡಿದು ಮರಳುವಷ್ಟು ಜೋರಾಗಿ ಬಂತು.

"ಹ್ಞಾಂ," ಎಂದರು ಮುತ್ಯಾ. "ಈಗ ಇರ್ಲಿ ಹಾಡು."