ಬಿಟ್ಟದ್ದೇ ಬರ್ತದ ಎನ್ನುತ್ತಿದ್ದ ಶೈಲಕ್ಕ

ಎದುರಿಗಿದ್ದವರು ಮಾತಾಡತೊಡಗಿದರೆ ಶೈಲಕ್ಕ ತೋರುಬೆರಳನ್ನು ಗಾಳಿಯಲ್ಲಿ ಗರಗರ ತಿರುಗಿಸುತ್ತಿದ್ದಳು. ಬೇಗ ಮುಗಿಸು ಎಂದು ಅರ್ಥ. ಪಾಠದ ವಿಡಿಯೋಗಳನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳಿ ಕೇಳಿ, ನಾವು ಸಹಜವಾಗಿ ಆಡುವ ಮಾತು ಅವಳಿಗೆ ಎಳೆದೆಳೆದು ಆಡಿದಂತೆ ಕೇಳಿಸುತ್ತಿತ್ತು. ತರಕಾರಿಯವನಿಗೂ ಅದೇ ಬೆರಳು, ಮನೆಗೆ ಬಂದ ನೆಂಟರಿಗೂ ಅದೇ ಬೆರಳು. ಮೊದಮೊದಲು ನನಗೆ ನಗು ಬರುತ್ತಿತ್ತು.

ನಾನು ಸರಕಾರಿ ನೌಕರಿಯ ಪರೀಕ್ಷೆಗೆ ಓದಲು ಧಾರವಾಡದಿಂದ ಪುಣೆಗೆ ಬಂದವಳು. ಖಡಕಿಯಲ್ಲಿ ಶೈಲಕ್ಕನ ಮನೆಯ ಹೊರಕೋಣೆ ಬಾಡಿಗೆಗೆ ಸಿಕ್ಕಿತು. ಅವರು ಮೂಲತಃ ಬೈಲಹೊಂಗಲದ ಕಡೆಯವರು. ತಂದೆ ಖಡಕಿಯ ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿಯನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಶೈಲಕ್ಕ ನನಗಿಂತ ಐದು ವರ್ಷ ದೊಡ್ಡವಳು. ನಾನು ಬರೆಯಬೇಕಿದ್ದ ಪರೀಕ್ಷೆಯನ್ನೇ ಆಗಲೇ ನಾಲ್ಕು ಸಲ ಬರೆದಿದ್ದಳು.

ದಡ್ಡಿಯಲ್ಲ, ಭಾರೀ ಜಾಣೆ. ಒಂದು ಮಧ್ಯಾಹ್ನ ಮುಂಗಾರು ಮಾರುತದ ಪಾಠ ತಲೆಗೆ ಹತ್ತದೆ ನಾನು ಅಳುತ್ತ ಕುಳಿತಿದ್ದೆ. ಶೈಲಕ್ಕ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದು ಒಲೆ ಹಚ್ಚಿದಳು.

"ಈ ಒಲಿ ಅಂದ್ರ ನಮ್ಮ ನೆಲ. ಬ್ಯಾಸಗ್ಯಾಗ ಕಾದದ. ಕಾದ ಗಾಳಿ ಮ್ಯಾಲ ಹೋತು, ಜಾಗ ಖಾಲಿ ಆತು. ಆ ಜಾಗಕ್ಕ ಸಮುದ್ರದ ಗಾಳಿ ನುಗ್ಗತದ. ಇಲ್ಲಿ ನೋಡು."

ಊದಿನಕಡ್ಡಿ ಹಚ್ಚಿ ಒಲೆಯ ಪಕ್ಕ ಹಿಡಿದಳು. ನೆಟ್ಟಗೆ ಏಳುತ್ತಿದ್ದ ಹೊಗೆ ಉರಿಯ ಕಡೆ ಬಾಗಿತು. ಒಂದು ಪುಸ್ತಕವಿಲ್ಲ, ಒಂದು ಚಿತ್ರವಿಲ್ಲ. ಆ ಪಾಠವನ್ನು ನಾನು ಮತ್ತೆ ಓದಬೇಕಾಗಲಿಲ್ಲ.

ಅಂಥವಳನ್ನು ಹಾಳು ಮಾಡಿದ್ದು ಒಂದೇ ಒಂದು ಭಯ. "ಬಿಟ್ಟದ್ದೇ ಬರ್ತದ ನೋಡು," ಎನ್ನುತ್ತಿದ್ದಳು. ನಾವು ಓದದೆ ಬಿಟ್ಟ ಹಾಳೆಯಿಂದಲೇ ಪ್ರಶ್ನೆ ಬರುತ್ತದೆ ಎಂದು. ಹಾಗಾಗಿ ಏನನ್ನೂ ಬಿಡಲಿಲ್ಲ. ಒಂದೇ ಪಾಠವನ್ನು ನಾಲ್ಕು ಸರ್‌ಗಳಿಂದ ಕೇಳುತ್ತಿದ್ದಳು. ಲೆಕ್ಕವಿಲ್ಲದಷ್ಟು ಗ್ರೂಪುಗಳಿಗೆ ಸೇರಿಕೊಂಡು, ಅಲ್ಲಿ ಬಂದ ಪಿಡಿಎಫ್‌ಗಳನ್ನೆಲ್ಲ ಇಳಿಸಿಕೊಂಡು, ವಿಷಯವಾರು ಹೆಸರಿಟ್ಟು ಜೋಡಿಸುತ್ತಿದ್ದಳು. ಜೋಡಿಸುವುದರಲ್ಲೇ ದಿನ ಮುಗಿದು ಓದುವುದು ಹಾಗೇ ಉಳಿಯುತ್ತಿತ್ತು. ಊಟಕ್ಕೆ ಕೂತಾಗ ಮೊಬೈಲು ಗುಂಯ್ ಎಂದರೆ ರೊಟ್ಟಿ ಮುರಿದ ಕೈ ಬಾಯಿಯ ಹತ್ತಿರ ನಿಂತುಬಿಡುತ್ತಿತ್ತು. ಸಂಜೆಗೆ ಅದರಲ್ಲೇ ಒಳ್ಳೆಯವನ್ನು ಆರಿಸಿ ನನಗೂ ಕಳಿಸುತ್ತಿದ್ದಳು. ಅವಳು ಜರಡಿ ಹಿಡಿದದ್ದನ್ನು ನಾನು ಆರಾಮಾಗಿ ಓದುತ್ತಿದ್ದೆ.

ಒಂದು ದಿನ ಬೈಲಹೊಂಗಲದಿಂದ ಫೋನು ಬಂತು. ಕಾಕುವಿನ ತಂಗಿ ಹೋಗಿಬಿಟ್ಟಿದ್ದರು. ಕಾಕು ಮಗಳ ಪಕ್ಕ ಕುಸಿದು ಕೂತು ಹೇಳತೊಡಗಿದರು. "ಮುಂಜಾನೆ ಚಾ ಕುಡದಾಳಂತ. ಹಿತ್ತಲಕ್ಕ ಹೋಗಿ ಬಟ್ಟಿ ಒಣಹಾಕ್ಯಾಳ. ಬಂದು, ಅಕ್ಕಗ ಒಂದು ಫೋನ್ ಹಚ್ಚಿ ಕೊಡ್ರಿ ಅಂದಾಳಂತ..."

ಶೈಲಕ್ಕನ ಕಿವಿಯಲ್ಲಿ ಇಯರ್‌ಫೋನಿತ್ತು. ಕಣ್ಣು ತಾಯಿಯ ಮೇಲೆಯೇ ಇತ್ತು. ಬೆರಳು ಮಾತ್ರ ತಿರುಗುತ್ತಿತ್ತು.

ಕಾಕು ಮಾತು ನಿಲ್ಲಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಶೈಲಕ್ಕ ತನ್ನ ಬೆರಳನ್ನೇ ನೋಡಿಕೊಂಡಳು. "ನಂದಾ, ನಾ ಏನ್ ಮಾಡಿದೆ?" ಎಂದಳು.

ಆ ವರ್ಷದ ಪರೀಕ್ಷೆ ಅವಳ ಐದನೆಯ ಮತ್ತು ಕೊನೆಯ ಅವಕಾಶ. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಪರೀಕ್ಷೆಗೆ ಇಪ್ಪತ್ತು ದಿನವಿರುವಾಗ ತಾನಾಗಿಯೇ ನನ್ನ ಕೋಣೆಗೆ ಬಂದು ಮೊಬೈಲು ಕೈಗಿಟ್ಟಳು.

"ಇದನ್ನ ನಿನ್ನ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕು. ನಾ ಎಷ್ಟ ಬೇಡ್ಕೊಂಡ್ರೂ ಕೊಡಬ್ಯಾಡ."

ಮೂರು ದಿನ ಮನೆ ಬೇರೆಯೇ ಆಗಿತ್ತು. ಅವಳು ಒಂದೇ ಪುಸ್ತಕ ಹಿಡಿದು ಕೂರುತ್ತಿದ್ದಳು. ಮಧ್ಯಾಹ್ನ ಕಾಕುವಿನ ತಲೆ ಬಾಚುತ್ತ ಚಿಕ್ಕಮ್ಮನ ವಿಷಯ ಕೇಳುತ್ತಿದ್ದಳು. ನಾಲ್ಕನೆಯ ದಿನ ಬಾಗಿಲಲ್ಲಿ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಎಲ್ಲಾರೂ ಏನೋ ಹೊಸಾದು ಓದಾಕತ್ತಿರ್ತಾರ, ನನಗೊಬ್ಬಾಕಿಗೇ ಗೊತ್ತಿಲ್ಲ ಅನಸ್ತದ. ಎದಿ ಢವಢವ ಅನ್ನತದ ನಂದಾ. ಒಂದು ತಾಸು ಕೊಡು, ಸಾಕು."

ನಾನು ಟ್ರಂಕು ತೆಗೆದು ಕೊಟ್ಟೆ. ಪಾಪ ಎನಿಸಿ ಕೊಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವಳು ಆರಿಸಿ ಕಳಿಸುತ್ತಿದ್ದ ನೋಟ್ಸು ಮೂರು ದಿನದಿಂದ ನನಗೆ ಬಂದಿರಲಿಲ್ಲ.

ಪರೀಕ್ಷೆ ಇಬ್ಬರಿಗೂ ಒಂದೇ ಶಾಲೆಯಲ್ಲಿತ್ತು. ಮುಗಿಸಿ ಹೊರಗೆ ಬಂದಾಗ ಅವಳು ನೀರಿನ ನಲ್ಲಿಯ ಹತ್ತಿರ ಮೆಟ್ಟಿಲ ಮೇಲೆ ಕೂತಿದ್ದಳು.

"ಮುಂಗಾರಿಂದು ಪ್ರಶ್ನಿ ಬಂದಿತ್ತಲ್ಲ," ಎಂದಳು.

"ಹೌದಕ್ಕಾ. ನೀ ಹೇಳಿಕೊಟ್ಟದ್ದ ಇತ್ತು."

"ಅದನ್ನ ನಾಕ ಮಂದಿ ನಾಕ ನಮೂನಿ ಹೇಳಿದ್ರು. ನಾಕೂ ದನಿ ಒಮ್ಮೆಲೇ ಕೇಳಾಕತ್ತುವು. ಯಾವುದು ಆರಿಸ್ಲಿ ತಿಳೀಲಿಲ್ಲ. ಮುಂದಿನ ಪ್ರಶ್ನಿಗೂ ಹಂಗ ಆತು. ಆಮ್ಯಾಲ ಅಕ್ಷರ ಕಣ್ಣಿಗೆ ಕಾಣಸ್ತಿದ್ವು, ಓದಾಕ ಬರಲಿಲ್ಲ."

ಉತ್ತರಪತ್ರಿಕೆಯ ಮುಕ್ಕಾಲು ಭಾಗ ಖಾಲಿ ಬಿಟ್ಟು ಬಂದಿದ್ದಳು.

ಆಮೇಲೆ ಅವಳಿಗೆ ನಿದ್ದೆಯೇ ಇಲ್ಲವಾಯಿತು. ಮೊಬೈಲು ಬಂದ್ ಆಗಿದ್ದರೂ ಗುಂಯ್ ಎಂದಿತು ಎನ್ನುತ್ತಿದ್ದಳು. ಒಂದು ಲೋಟ ಚಹಾ ಬೇಕೋ ಬೇಡವೋ ಎಂದು ಹೇಳಲಾಗದೆ ಅಳುತ್ತಿದ್ದಳು. ಕಾಕು ಮೊದಲು ದೃಷ್ಟಿ ತೆಗೆದರು, ಹರಕೆ ಹೊತ್ತರು. ಕಡೆಗೆ ನಾವಿಬ್ಬರೂ ಸೇರಿ ಮನೋರೋಗದ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಅವಳ ಮಾತನ್ನು ಬಹಳ ಹೊತ್ತು ಕೇಳಿಸಿಕೊಂಡು, "ತಲೆ ಕೆಟ್ಟಿಲ್ಲ, ತುಂಬಿ ದಣಿದಿದೆ. ವೇಳೆ ಹಿಡಿಯುತ್ತದೆ," ಎಂದು ಮರಾಠಿಯಲ್ಲಿ ಹೇಳಿದರು. ವೇಳೆ ಹಿಡಿಯಿತು. ಅಷ್ಟರಲ್ಲಿ ನಾನು ಪಾಸಾಗಿ, ನೌಕರಿ ಸಿಕ್ಕು ಬೇರೆ ಊರಿಗೆ ಹೊರಟುಹೋದೆ.

ಹೋದ ವರ್ಷ ಪುಣೆ ಜಿಲ್ಲೆಯ ಶಿರೂರಿಗೆ ಹೋಗಿ ಅವಳನ್ನು ಕಂಡೆ. ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ತಯಾರಾದ ಭಾಗಗಳನ್ನು ತಪಾಸಣೆ ಮಾಡುವ ಕೆಲಸ ಹಿಡಿದು, ತಾಯಿಯೊಂದಿಗೆ ಅಲ್ಲಿ ಮನೆ ಮಾಡಿದ್ದಳು. ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಸ್ವಲ್ಪ ದಪ್ಪಗಾಗಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಕೆಲಸ ಹೆಂಗದ ಅಕ್ಕಾ?"

"ಒಂದು ಬರ್ತದ, ನೋಡ್ತೀನಿ, ಇಡ್ತೀನಿ. ಇನ್ನೊಂದು ಬರ್ತದ."

ಊಟವಾದ ಮೇಲೆ ನಾನು ಬಂದ ಕಾರಣವನ್ನು ಹೇಳಿದೆ. ಅಂದು ಟ್ರಂಕು ಯಾಕೆ ತೆಗೆದೆ ಎಂಬುದನ್ನು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ನನಗ ಅವತ್ತ ಗೊತ್ತಿತ್ತು ನಂದಾ," ಎಂದಳು. "ಈಗ ಅದನ್ನ ತಗದು ಏನ್ ಮಾಡೂದದ? ಭಾಳ ದಣದೀನಿ. ಚೂರು ಮಲಗ್ತೀನಿ."

ಚಾಪೆಯ ಮೇಲೆ ಹೊರಳಿದವಳು ಎರಡೇ ನಿಮಿಷದಲ್ಲಿ ನಿದ್ದೆ ಹೋದಳು. ಬಿಸಿಲು ಮುಖದ ಮೇಲೆ ಬೀಳುತ್ತಿತ್ತು, ಓಣಿಯಲ್ಲಿ ಗದ್ದಲವಿತ್ತು, ಅವಳಿಗೆ ಎಚ್ಚರವಾಗಲಿಲ್ಲ. ನನ್ನ ಬಸ್ಸಿನ ಹೊತ್ತಾಯಿತು. ಹೇಳಿ ಹೋಗೋಣವೆಂದು ಭುಜದ ಕಡೆ ಕೈ ಚಾಚಿದೆ. ಕಾಕು ನನ್ನ ಮಣಿಕಟ್ಟು ಹಿಡಿದರು.

"ಎಬ್ಬಸಬ್ಯಾಡವಾ. ಮಲಗಲಿ."

ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ.